ಗಜದ ಅಳತೆ

ಕೋವಿಯೊಂದು ಖಾಲಿಯಾಗಿದೆ ಎಂಬುದನ್ನು ತಿಳಿಯುವುದು ಹೇಗೆ? ಪುಣೆಯ ಖಡಕಿಯಲ್ಲಿ ನೆಲೆಸಿರುವ ನಿವೃತ್ತ ಸುಬೇದಾರರೊಬ್ಬರು ತಮ್ಮ ಸೇವಾವಧಿಯ ಕೊನೆಯ ಹನ್ನೆರಡು ವರ್ಷಗಳಲ್ಲಿ ಹೊಸದಾಗಿ ಸೇರಿದ ಹುಡುಗರಿಗೆ ಬೋಧಿಸುತ್ತಿದ್ದ ಮೊದಲ ಪಾಠ ಇದೊಂದೇ. ಮೂಡಿಗೆರೆಯ ಕಡೆಯ ರೈತ ಕುಟುಂಬದಿಂದ ಬಂದು 1966ರಲ್ಲಿ ಬೆಂಗಳೂರಿನ ಮದ್ರಾಸ್ ಎಂಜಿನಿಯರ್ ಗ್ರೂಪನ್ನು ಸೇರಿದ ಅವರು 1994ರಲ್ಲಿ ನಿವೃತ್ತರಾದರು. ಕಡೆಯ ವರ್ಷಗಳು ಪುಣೆಯಲ್ಲಿ ಕಳೆದುದರಿಂದ ಮನೆಯೂ ಅಲ್ಲಿಯೇ ಆಯಿತು. ಮಕ್ಕಳು ಮರಾಠಿ ಕಲಿತರು. ಮೊಮ್ಮಗಳೊಬ್ಬಳು ಮಾತ್ರ, ಮನೆಯವರಿಗೆಲ್ಲ ಆಶ್ಚರ್ಯವಾಗುವಂತೆ, ಮುಂಬಯಿಗೆ ಹೋಗಿ ಕನ್ನಡ ಎಂ.ಎ. ತರಗತಿಗೆ ಸೇರಿಕೊಂಡಳು. ಮಲೆನಾಡಿನ ವೃತ್ತಿಪದಗಳನ್ನು ಸಂಗ್ರಹಿಸಬೇಕೆಂದು ಹೊರಟ ಆಕೆ ಮೊದಲು ಹಿಡಿದದ್ದು ಅಜ್ಜಯ್ಯನನ್ನೇ.

ಸಂಗ್ರಹಕ್ಕೆ ಆಕೆ ಆಯ್ದುಕೊಂಡ ವಿಷಯ ಕೋವಿ. ಆಕೆಗೆ ಅದು ತೀರ ಅಪರಿಚಿತವಲ್ಲ. ಕಾಲೇಜಿನಲ್ಲಿ ಎನ್.ಸಿ.ಸಿ.ಯಲ್ಲಿದ್ದು .22 ರೈಫಲಿನ ‘ಖೋಲ್ನಾ-ಜೋಡ್ನಾ’ ಕಲಿತವಳು. ಬಿಚ್ಚುವುದು, ಮತ್ತೆ ಜೋಡಿಸುವುದು ಎಂಬ ಈ ಪಾಠಕ್ಕೆ ಸೈನ್ಯದಲ್ಲಿರುವ ಹೆಸರು ಹಿಂದಿಯದು. ಬಿಡಿಭಾಗಗಳ ಹೆಸರುಗಳು ಬಹುಮಟ್ಟಿಗೆ ಇಂಗ್ಲಿಷಿನವು. ಸುಬೇದಾರರ ನಾಲಗೆಯ ಮೇಲೆ ಇವೆರಡೂ ಸಲೀಸು. ಆದರೆ ಊರಿನ ಕೋವಿಯ ಮಾತು ಬಂದೊಡನೆ ಅವರ ಪದಕೋಶವೇ ಬೇರೆಯಾಗುತ್ತಿತ್ತು: ನಳಿಗೆ, ಕುದುರೆ, ಕೇಪು, ತೋಟೆ, ಚರೆ, ಮದ್ದು, ಗಜ. ಹಿಂದಿಯಲ್ಲಿ ಘೋಡಾ, ಕನ್ನಡದಲ್ಲಿ ಕುದುರೆ. ಎರಡು ಭಾಷೆಗಳೂ ಒಂದೇ ಪ್ರಾಣಿಯನ್ನು ಕೋವಿಗೆ ಏರಿಸಿರುವುದು ಮೊಮ್ಮಗಳಿಗೆ ಖುಷಿ ಕೊಟ್ಟಿತು. ನಳಿಗೆಯನ್ನು ಒರಸುವ ಬಟ್ಟೆಯ ತುಂಡಿಗೆ ಸಿಪಾಯಿಗಳು ‘ಚಿಂದಿ’ ಎನ್ನುತ್ತಾರೆಂದು ತಿಳಿದಾಗ, ಇದು ನಮ್ಮ ಮಾತೇ ಅಲ್ಲವೇ ಎಂದು ಆಕೆ ಕೇಳಿದಳು. ಯಾರದಾದರೇನು, ನಾಲ್ಕು ಇಂಚು ಉದ್ದ, ಎರಡು ಇಂಚು ಅಗಲ ಇರಬೇಕು, ಅಷ್ಟೇ ಮುಖ್ಯ ಎಂದರು ಅಜ್ಜ. ಪದಸಂಗ್ರಹಕಾರರಿಗೂ ಕಸುಬುದಾರರಿಗೂ ಇರುವ ಅಂತರ ಇದು.

ಸುಬೇದಾರರು ಕಲಿಸುತ್ತಿದ್ದ ಬಂದೂಕು ಎಸ್.ಎಲ್.ಆರ್. 1962ರ ಯುದ್ಧದಲ್ಲಿ ನಮ್ಮ ಸಿಪಾಯಿಗಳ ಕೈಯಲ್ಲಿದ್ದುದು ಪ್ರತಿ ಗುಂಡಿಗೂ ಕೈಯಿಂದಲೇ ಬೋಲ್ಟನ್ನು ಹಿಂದಕ್ಕೆಳೆದು ಮುಂದಕ್ಕೆ ತಳ್ಳಬೇಕಾಗಿದ್ದ .303 ರೈಫಲು. ಆ ಯುದ್ಧದ ಬಳಿಕ ಬೆಲ್ಜಿಯಂ ದೇಶದ ಎಫ್.ಎನ್. ಕಾರ್ಖಾನೆಯ ವಿನ್ಯಾಸವನ್ನು ಆಧರಿಸಿ ಪಶ್ಚಿಮ ಬಂಗಾಳದ ಇಚ್ಛಾಪುರದಲ್ಲಿ ತಯಾರಾಗತೊಡಗಿದ 7.62 ಮಿ.ಮೀ. ಬಂದೂಕು ಇದು. 1990ರ ದಶಕದಲ್ಲಿ ‘ಇನ್ಸಾಸ್’ ಬರುವವರೆಗೆ ಒಂದು ಪೀಳಿಗೆಯ ಸಿಪಾಯಿಗಳೆಲ್ಲ ಇದನ್ನು ಹೆಗಲಿಗೇರಿಸಿದವರೇ. ಹೆಸರೇ ಹೇಳುವಂತೆ ಇದು ತನಗೆ ತಾನೇ ತುಂಬಿಕೊಳ್ಳುವ ಬಂದೂಕು. ಗುಂಡು ಹಾರಿದಾಗ ನಳಿಗೆಯಲ್ಲಿ ಹುಟ್ಟುವ ಅನಿಲದ ಒಂದಂಶ ಸಣ್ಣ ರಂಧ್ರದ ಮೂಲಕ ಮೇಲಕ್ಕೆ ನುಗ್ಗಿ ಒಂದು ಪಿಸ್ಟನ್ನನ್ನು ಹಿಂದಕ್ಕೆ ದೂಡುತ್ತದೆ. ಪಿಸ್ಟನ್ನು ಬೋಲ್ಟನ್ನು ಹಿಂದೆ ಸರಿಸುತ್ತದೆ, ಖಾಲಿ ಕೋಶ ಹೊರಗೆ ಚಿಮ್ಮುತ್ತದೆ, ಹಿಂದಿರುವ ಸ್ಪ್ರಿಂಗು ಬೋಲ್ಟನ್ನು ಮುಂದಕ್ಕೆ ಒತ್ತುವಾಗ ಮ್ಯಾಗಜಿನ್ನಿನ ಮೇಲ್ತುದಿಯಲ್ಲಿರುವ ಮುಂದಿನ ಗುಂಡು ನಳಿಗೆಯ ಬುಡದ ಗೂಡಿನೊಳಕ್ಕೆ ಹೋಗಿ ಕೂರುತ್ತದೆ. ಕುದುರೆ ಒಮ್ಮೆ ಎಳೆದರೆ ಒಂದೇ ಗುಂಡು. ಆದರೆ ಇನ್ನೊಂದು ಆಗಲೇ ಸಿದ್ಧವಾಗಿರುತ್ತದೆ.

ಈ ಬಂದೂಕಿನ ಅಪಾಯವಿರುವುದು ಈ ಸಿದ್ಧತೆಯಲ್ಲೇ. ಅರಿಯದವನು ಮೊದಲು ಹಿಡಿಕೆಯನ್ನು ಹಿಂದಕ್ಕೆಳೆಯುತ್ತಾನೆ. ಗೂಡಿನಲ್ಲಿದ್ದ ಗುಂಡು ಹೊರಗೆ ಬೀಳುತ್ತದೆ. ಅದನ್ನು ಕಣ್ಣಾರೆ ಕಂಡವನಿಗೆ ಸಮಾಧಾನ. ಆಮೇಲೆ ಮ್ಯಾಗಜಿನ್ ಕಳಚುತ್ತಾನೆ. ಅಷ್ಟರಲ್ಲಿ ಅದೇ ಮ್ಯಾಗಜಿನ್ನಿನಿಂದ ಎರಡನೆಯ ಗುಂಡು ಗೂಡು ಸೇರಿರುತ್ತದೆ. ಮಾಡಿದ ಕೆಲಸಗಳೆರಡೂ ಸರಿ, ಅನುಕ್ರಮ ಮಾತ್ರ ತಪ್ಪು. ಆದುದರಿಂದ ಮೊದಲು ಮ್ಯಾಗಜಿನ್. ಬಳಿಕ ಹಿಡಿಕೆಯನ್ನೆಳೆದು ಬೋಲ್ಟನ್ನು ಹಿಂದೆಯೇ ನಿಲ್ಲಿಸಬೇಕು. ಆಮೇಲೆ ಕಣ್ಣು, ಕತ್ತಲಿದ್ದರೆ ಕಿರುಬೆರಳು. ಗೂಡಿನಲ್ಲೂ ಇಲ್ಲ, ಅದರ ಕೆಳಗೂ ಇಲ್ಲ ಎಂದು ಖಚಿತವಾದ ಮೇಲೆ ಬೋಲ್ಟನ್ನು ಮುಂದೆ ಬಿಟ್ಟು, ಬಾಯಿಯನ್ನು ಯಾರೂ ಇಲ್ಲದ ಕಡೆಗೆ ಹಿಡಿದು, ಕುದುರೆ ಒಮ್ಮೆ ಎಳೆಯಬೇಕು. ಇಷ್ಟಾಗುವ ತನಕ ಬಿಚ್ಚುವ ಮಾತೇ ಇಲ್ಲ. ಆ ಪಾಠ ನಡೆಯುವ ಕೋಣೆಯಲ್ಲಿ ಸಜೀವ ಗುಂಡು ಒಂದೂ ಇರಕೂಡದು.

ಬಿಚ್ಚುವುದು ಇದಕ್ಕಿಂತ ಸುಲಭ. ಎಡಬದಿಯ ಸನ್ನೆಯನ್ನು ಒತ್ತಿದರೆ ಎಸ್.ಎಲ್.ಆರ್. ತಿರುಗಣೆಯ ಮೇಲೆ ನಡುವಿಗೆ ಬಾಗಿ ತೆರೆದುಕೊಳ್ಳುತ್ತದೆ. ಹಿಂಬದಿಯಲ್ಲಿ ಇಲಿಯ ಬಾಲದಂತೆ ಚಾಚಿರುವ ಕಡ್ಡಿಯನ್ನು ಹಿಡಿದೆಳೆದರೆ ಬೋಲ್ಟು ತನ್ನ ಪರಿವಾರಸಮೇತ ಜಾರಿಬರುತ್ತದೆ. ಮೇಲಿನ ತಗಡಿನ ಮುಚ್ಚಳವೂ ಹಾಗೆಯೇ. ಮುಂಭಾಗದ ಅನಿಲದ ಬಿರಡೆಯನ್ನು ತಿರುಗಿಸುವಾಗ ಮಾತ್ರ ಅಂಗೈಯನ್ನು ಅದರ ಎದುರಿಗೆ ಒತ್ತಿ ಹಿಡಿದಿರಬೇಕು, ಮುಖ ಅತ್ತ ಇರಬಾರದು. ಹಿಂದಿನ ಸ್ಪ್ರಿಂಗು ಅದನ್ನು ಹೊರಕ್ಕೆ ಚಿಮ್ಮಿಸುತ್ತದೆ. ಕಳಚಿದ ಭಾಗಗಳನ್ನು ಜಮಖಾನದ ಮೇಲೆ ಎಡದಿಂದ ಬಲಕ್ಕೆ ಸಾಲಾಗಿ ಇಡಬೇಕು. ಜೋಡಿಸುವಾಗ ಬಲದಿಂದ ಎಡಕ್ಕೆ ಬಂದರಾಯಿತು. ಭಾರದ ತುಂಡು ಕಟ್ಟಿದ ಹುರಿಯನ್ನು ಗೂಡಿನ ಕಡೆಯಿಂದ ಇಳಿಬಿಟ್ಟು, ಅದರ ಕುಣಿಕೆಯಲ್ಲಿ ಚಿಂದಿ ಸಿಕ್ಕಿಸಿ, ಬಾಯಿಯ ಕಡೆಯಿಂದ ಒಂದೇ ಸಮನೆ ಎಳೆಯಬೇಕು. ನಡುವೆ ನಿಲ್ಲಿಸಿದರೆ ಚಿಂದಿ ಅಲ್ಲೇ ಸಿಕ್ಕಿಕೊಳ್ಳುತ್ತದೆ. ನಳಿಗೆಗೆ ತೆಳುವಾಗಿ ಎಣ್ಣೆ. ಪಿಸ್ಟನ್ನಿಗೆ, ಅನಿಲ ಓಡಾಡುವ ಭಾಗಗಳಿಗೆ ಎಣ್ಣೆ ಸಲ್ಲದು. ಅಲ್ಲಿ ಎಣ್ಣೆ ಸುಟ್ಟು ಕಿಟ್ಟವಾಗುತ್ತದೆ. ಹೊಸ ಹುಡುಗರ ಸಾಮಾನ್ಯ ತಪ್ಪು ಕೊಳೆ ಬಿಡುವುದಲ್ಲ, ಎಣ್ಣೆಯನ್ನು ಮಿತಿಮೀರಿ ಸುರಿಯುವುದು ಎಂದು ಸುಬೇದಾರರು ಹೇಳುತ್ತಿದ್ದರು. ತಪಾಸಣೆಗೆ ನಿಂತಾಗ ನಳಿಗೆಯ ಬುಡದಲ್ಲಿ ಹೆಬ್ಬೆರಳಿನ ಉಗುರನ್ನಿಟ್ಟರೆ ಬೆಳಕು ಉಗುರಿನ ಮೇಲೆ ಬಿದ್ದು ಒಳಗೆಲ್ಲ ಹರಡುತ್ತದೆ. ಮೇಲಧಿಕಾರಿ ಬಾಯಿಯಿಂದ ಇಣುಕಿದಾಗ ಸುರುಳಿ ಗೀರುಗಳು ಹೊಳೆಯಬೇಕು.

ಇದೆಲ್ಲವನ್ನೂ ಅವರು ಮೊಮ್ಮಗಳಿಗೆ ತೋರಿಸಿದ್ದು ಊಟದ ಮೇಜಿನ ಮೇಲೆ, ಬರಿಗೈಯಲ್ಲಿ. ಇಂಥ ಬಂದೂಕನ್ನು ಮನೆಯಲ್ಲಿಟ್ಟುಕೊಳ್ಳಲು ನಮ್ಮ ಕಾನೂನು ಸಾಮಾನ್ಯ ನಾಗರಿಕನಿಗೆ ಅವಕಾಶ ಕೊಡುವುದಿಲ್ಲ. ನಮ್ಮ ಮನೆಗಳಲ್ಲಿರುವುದು, ಇದ್ದರೆ, ಬೆಳೆರಕ್ಷಣೆಯ ಪರವಾನಗಿಯ ಕೋವಿ. ಕೊಡಗಿನದು ಬೇರೆ ಸಂಗತಿ. ಅಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಪರವಾನಗಿಯಿಂದಲೇ ವಿನಾಯಿತಿ ಇದೆ. ಕೇಂದ್ರ ಸರಕಾರ 2019ರಲ್ಲಿ ಅದನ್ನು 2029ರ ಅಕ್ಟೋಬರ್ 31ರವರೆಗೆ ವಿಸ್ತರಿಸಿತು, 2021ರಲ್ಲಿ ಉಚ್ಚ ನ್ಯಾಯಾಲಯ ಎತ್ತಿಹಿಡಿಯಿತು. ನಾಟಿಯ ಕೆಲಸ ಮುಗಿದ ಮೇಲೆ ಸೆಪ್ಟೆಂಬರಿನಲ್ಲಿ ಬರುವ ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗಳನ್ನು ಶುಚಿಮಾಡಿ, ಬಾಯಿಗೆ ತೋಕ್ ಪೂ ಸಿಕ್ಕಿಸಿ, ದೀಪದ ಮುಂದಿಡುತ್ತಾರೆ. ಮೂರು ತಿಂಗಳ ಮಳೆಯನ್ನು ಕಂಡ ಕಬ್ಬಿಣಕ್ಕೆ ಎಣ್ಣೆ ಬೇಕಾಗುವುದೂ ಆಗಲೇ. ಸುಬೇದಾರರ ಬ್ಯಾರಕಿನ ಗೆಳೆಯರಲ್ಲಿ ಕೊಡಗಿನವರಿದ್ದರು. ಅವರ ಹಬ್ಬವನ್ನೂ ತಮ್ಮೂರಿನ ಆಯುಧಪೂಜೆಯನ್ನೂ ಹೋಲಿಸಿ ಮಾತಾಡಿದ್ದು ನೆನಪಿತ್ತು. ಆದರೆ ತಮ್ಮ ಮನೆಯ ಆಯುಧಪೂಜೆಯ ಬಗ್ಗೆ ಒಂದು ಹಂತದ ಮೇಲೆ ಅವರು ಮಾತು ಮುಂದುವರಿಸುತ್ತಿರಲಿಲ್ಲ.

ಮೊಮ್ಮಗಳು ‘ಗಜ’ ಎಂಬ ಪದದ ಅರ್ಥವನ್ನು ಬರೆದುಕೊಳ್ಳುತ್ತಿದ್ದ ಸಂಜೆಯೇ ಊರಿನಿಂದ ದೂರವಾಣಿ ಬಂತು. ಸುಬೇದಾರರ ತಮ್ಮ ತೀರಿಕೊಂಡು ವರ್ಷವಾಗುತ್ತ ಬಂದಿತ್ತು. ಕೋವಿಯ ಪರವಾನಗಿ ಅವರ ಹೆಸರಿನಲ್ಲಿದ್ದುದು. ಪರವಾನಗಿದಾರ ಇಲ್ಲವಾದ ಮೇಲೆ ಆಯುಧವನ್ನು ವಿಳಂಬವಿಲ್ಲದೆ ಠಾಣೆಗೆ ಒಪ್ಪಿಸಬೇಕೆಂಬುದು 1959ರ ಕಾಯಿದೆ. ಠಾಣೆಯಿಂದ ಎರಡು ಸಲ ಹೇಳಿಕಳಿಸಿದ್ದರು. ಆದರೆ ಕೋವಿಯನ್ನು ಗೋಡೆಯಿಂದ ಇಳಿಸಲು ಮನೆಯಲ್ಲಿ ಯಾರಿಗೂ ಧೈರ್ಯವಿರಲಿಲ್ಲ. ಅದರಲ್ಲಿ ಈಡು ಇದೆಯೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ತಮ್ಮನ ಹೆಂಡತಿ ಹೇಳಿದ್ದು ಇಷ್ಟು: “ನೀವೇ ಬಂದು ಇಳಿಸಿಕೊಡ್ಬೇಕು ಭಾವಯ್ಯ. ಬೇರೆಯವ್ರಿಗೆ ನಾನು ಮುಟ್ಟಕ್ಕೆ ಬಿಡಲ್ಲ.”

ಎಪ್ಪತ್ತೆಂಟರ ವಯಸ್ಸಿನಲ್ಲಿ ಪುಣೆಯಿಂದ ಮೂಡಿಗೆರೆಗೆ ಹೋಗುವುದು ಸಣ್ಣ ಪ್ರಯಾಣವಲ್ಲ. ಮೊಮ್ಮಗಳು ಜೊತೆಗೆ ಹೊರಟಳು, ತನ್ನ ಟಿಪ್ಪಣಿ ಪುಸ್ತಕದೊಂದಿಗೆ. ರೈಲಿನಲ್ಲಿ, ರಾತ್ರಿ, ಬೇರೆ ಬರ್ತಿನವರೆಲ್ಲ ಮಲಗಿದ ಮೇಲೆ ಸುಬೇದಾರರು 1974ರ ನವರಾತ್ರಿಯ ಸಂಗತಿಯನ್ನು ಹೇಳಿದರು.

ಆಗ ಅವರು ಎಂಟು ವರ್ಷಗಳ ಸೇವೆಯ ಗಟ್ಟಿಮುಟ್ಟಾದ ಜವಾನ. ಎಸ್.ಎಲ್.ಆರ್. ಅನ್ನು ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಬಿಚ್ಚಿ ಜೋಡಿಸುವ ಸ್ಪರ್ಧೆಯಲ್ಲಿ ಕಂಪನಿಗೇ ಮೊದಲಿಗ. ರಜೆಯ ಮೇಲೆ ಊರಿಗೆ ಬಂದಾಗ ಆಯುಧಪೂಜೆ. ಮನೆಯ ಕೋವಿಯನ್ನು ತಾನೇ ಶುಚಿಮಾಡುವೆನೆಂದು ತೆಗೆದುಕೊಂಡರು. ಅದು ಕೇಪಿನ ಕೋವಿ: ಬಾಯಿಯ ಕಡೆಯಿಂದ ಮದ್ದು ಸುರಿದು, ತೆಂಗಿನ ನಾರು ತುರುಕಿ, ಚರೆ ಹಾಕಿ, ಮತ್ತೆ ನಾರಿಟ್ಟು ಗಜದಿಂದ ಜಡಿಯುವ ಬಗೆಯದು. ಬುಡದಲ್ಲಿರುವ ಸಣ್ಣ ಮೊಲೆಯಾಕಾರದ ತುದಿಯ ಮೇಲೆ ಕೇಪು ಕೂರಿಸಿ, ಕುದುರೆ ಬಡಿದರೆ, ಕಿಡಿ ಸೂಜಿಗಾತ್ರದ ರಂಧ್ರದಿಂದ ಒಳಗಿಳಿಯುತ್ತದೆ. ತೆರೆದು ನೋಡಲು ಅದಕ್ಕೆ ಬಾಗಿಲಿಲ್ಲ. ಜೋಡಿ ನಳಿಗೆಯ ತೋಟೆ ಕೋವಿಯಾದರೆ ಬಗ್ಗಿಸಿದೊಡನೆ ಎರಡು ಕಣ್ಣುಗಳಿಂದ ಆಕಾಶ ಕಾಣುತ್ತದೆ, ಸುಳ್ಳು ಹೇಳಲಾರದು. ಕೇಪಿನ ಕೋವಿಗೆ ಒಂದೇ ಬಾಯಿ, ಅದರ ಆಳ ಕತ್ತಲೆ.

ಜವಾನರು ಕುದುರೆ ಎತ್ತಿ ನೋಡಿದರು. ಕೇಪು ಇರಲಿಲ್ಲ. ಖಾಲಿ ಎಂದುಕೊಂಡರು. ಬುಡದ ರಂಧ್ರ ಕಟ್ಟಿಕೊಂಡಿದೆಯೇ ಎಂದು ತಿಳಿಯಲು ಹಳಬರದೊಂದು ಉಪಾಯವಿದೆ: ಬರಿಯ ಕೇಪೊಂದನ್ನು ಹೊಡೆದು, ಬಾಯಿಯೆದುರು ಹಿಡಿದ ಎಲೆ ಅಲುಗುತ್ತದೆಯೇ ಎಂದು ನೋಡುವುದು. ಅಲುಗಿದರೆ ದಾರಿ ಸಲೀಸು. ಹದಿನೇಳರ ತಮ್ಮ ಹಲಸಿನ ಎಲೆಯೊಂದನ್ನು ಕಿತ್ತು ತಂದು, ಎಡಗೈಯ ಎರಡು ಬೆರಳುಗಳ ನಡುವೆ ಹಿಡಿದು ನಿಂತ.

ಹಿಂದಿನ ವಾರ ಹಂದಿ ಕಾಯಲು ಅಪ್ಪ ಜಡಿದಿಟ್ಟಿದ್ದ ಈಡು ಒಳಗೇ ಇತ್ತು. ಕೇಪು ತೆಗೆದಿಟ್ಟರೆ ಕೋವಿ ನಿರಪಾಯ ಎಂಬುದು ಅವರ ಲೆಕ್ಕ. ಆ ಲೆಕ್ಕದಲ್ಲೂ ತಪ್ಪಿರಲಿಲ್ಲ, ಯಾರೂ ಕೇಪಿಡುವ ತನಕ.

ತಮ್ಮನ ಎರಡು ಬೆರಳುಗಳು ಹೋದವು. ಜೀವ ಉಳಿಯಿತು. ಸೈನ್ಯ ಸೇರಬೇಕೆಂಬ ಹುಡುಗನ ಆಸೆ ಅಲ್ಲಿಗೆ ಮುಗಿಯಿತು. ಆಸ್ಪತ್ರೆಯಲ್ಲಿ ಅವನು ಅಣ್ಣನಿಗೆ ಹೇಳಿದ ಮಾತು ಒಂದೇ: “ಗಜ ಹಾಕಿ ನೋಡ್ಬೇಕಿತ್ತು ಅಣ್ಣಯ್ಯ.” ಆಕ್ಷೇಪಣೆಯ ದನಿಯಲ್ಲಲ್ಲ. ಅವನಿಗೆ ಆ ಕ್ರಮ ಗೊತ್ತಿತ್ತು. ಅಣ್ಣ ಸಿಪಾಯಿ, ಅವನಿಗೆ ತನಗಿಂತ ಹೆಚ್ಚು ತಿಳಿದಿರುತ್ತದೆಂದು ಸುಮ್ಮನಿದ್ದ.

ಇಲ್ಲಿ ಒಂದು ಮಾತು ಹೇಳಬೇಕು. ಸುಬೇದಾರರು ಆ ದಿನ ಅಜಾಗರೂಕರಾಗಿದ್ದರೆಂದು ಹೇಳುವುದು ಸರಿಯಾಗದು. ಅವರು ಕಲಿತ ಕ್ರಮವನ್ನು ಅನುಸರಿಸಿಯೇ ಇದ್ದರು: ಬುಡವನ್ನು ನೋಡು, ಏನೂ ಕಾಣದಿದ್ದರೆ ಕುದುರೆ ಬಿಡು. ಎಸ್.ಎಲ್.ಆರ್.ಗೆ ಅದು ಸಾಕು. ಒಂದು ಆಯುಧದ ವಿದ್ಯೆಯನ್ನು ಇನ್ನೊಂದರ ಮೇಲೆ ಹೊರಿಸಿದ್ದೇ ಕೆಟ್ಟಿತು. ಮುಂದೆ ಬೋಧಕರಾದಾಗ ಪ್ರತಿ ತಂಡಕ್ಕೂ ಅವರು ಈ ಕೇಪಿನ ಕೋವಿಯ ಕಥೆಯನ್ನು ಹೇಳುತ್ತಿದ್ದರು. ಪಠ್ಯದಲ್ಲಿ ಅದು ಇರಲಿಲ್ಲ. ಯಾರ ಕೋವಿ, ಯಾರ ಕೈ ಎಂದು ಮಾತ್ರ ಹೇಳುತ್ತಿರಲಿಲ್ಲ.

ಊರಿನ ಮನೆಯಲ್ಲಿ ಕೋವಿ ನಡುಮನೆಯ ಗೋಡೆಯ ಗೂಟಗಳ ಮೇಲಿತ್ತು. 1974ರ ಕೋವಿಯೇ. ಅಪ್ಪನ ನಂತರ ತಮ್ಮನ ಹೆಸರಿಗೆ ಬಂದದ್ದು. 2024ರ ಲೋಕಸಭಾ ಚುನಾವಣೆಯ ಮುಂಚೆ, ಪರವಾನಗಿದಾರರೆಲ್ಲ ಮಾಡುವಂತೆ, ತಮ್ಮ ಅದನ್ನು ಠಾಣೆಯಲ್ಲಿಟ್ಟು ಆಮೇಲೆ ಮರಳಿ ತಂದಿದ್ದರು. ಅಂದರೆ ಆಗ ಖಾಲಿಯಿತ್ತು. ಅನಂತರ ಮಳೆಗಾಲ ಬಂತು, ಗದ್ದೆಗೆ ಹಂದಿ ಇಳಿದವು, ವರ್ಷದ ಕೊನೆಗೆ ತಮ್ಮ ಹೋದರು. ಈ ನಡುವಿನ ತಿಂಗಳುಗಳ ಬಗ್ಗೆ ಯಾರಲ್ಲೂ ಮಾಹಿತಿಯಿಲ್ಲ.

ಸುಬೇದಾರರು ಮನೆಯವರನ್ನೆಲ್ಲ ಹಿತ್ತಲಿಗೆ ಕಳಿಸಿದರು. ಒಲೆಯ ಬೆಂಕಿ, ದೇವರ ದೀಪ ಎರಡನ್ನೂ ಆರಿಸಿದರು. ಮೊಮ್ಮಗಳು ತಮ್ಮ ಬೆನ್ನ ಹಿಂದೆ ಬಾಗಿಲಲ್ಲಿ ನಿಲ್ಲಬಹುದೆಂದರು. ಕೋವಿಯನ್ನು ಇಳಿಸುವಾಗ ಅದರ ಬಾಯಿ ಒಮ್ಮೆಯೂ ಅಂಗಳದ ಮಣ್ಣಿನ ಗೋಡೆಯ ದಿಕ್ಕನ್ನು ಬಿಟ್ಟು ಸರಿಯಲಿಲ್ಲ. ಕುದುರೆಯನ್ನು ಅರ್ಧಕ್ಕೆ ಎತ್ತಿ ನಿಲ್ಲಿಸಿ ನೋಡಿದರು. ಕೇಪು ಇರಲಿಲ್ಲ. ಹಿಂದೊಮ್ಮೆ ಕಂಡದ್ದೂ ಇದನ್ನೇ.

ನಳಿಗೆಯ ಕೆಳಗಿನ ಗಜವನ್ನು ಎಳೆದುಕೊಂಡು, ಮೊದಲು ಅದನ್ನು ನಳಿಗೆಯ ಹೊರಮೈಗೆ ಒರಗಿಸಿ ಅಳೆದರು, ಬಾಯಿಯಿಂದ ಕೇಪು ಕೂರುವ ಜಾಗದವರೆಗೆ. ಬಾಯಿಯ ಅಂಚಿಗೆ ಸರಿಯಾಗಿ ಗಜದ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದರು. ಬಳಿಕ ಬದಿಯಲ್ಲಿ ನಿಂತು, ಅಂಗೈಯನ್ನು ಗಜದ ತುದಿಗೆ ಅಡ್ಡ ಹಿಡಿಯದೆ, ಎರಡು ಬೆರಳುಗಳಿಂದ ಅದನ್ನು ಒಳಗಿಳಿಸಿದರು. ಖಾಲಿಯಿದ್ದರೆ ಗೆರೆ ಬಾಯಿಗೆ ಬಂದು ಮುಟ್ಟಬೇಕು, ಒಳಗೆ ‘ಟಣ್’ ಎಂದು ಕಬ್ಬಿಣ ಕೇಳಬೇಕು. ಗಜ ಮೆತ್ತಗೆ ನಿಂತಿತು. ಗೆರೆ ಬಾಯಿಯಿಂದ ನಾಲ್ಕು ಬೆರಳು ಮೇಲಿತ್ತು.

ಸುಬೇದಾರರು ಸ್ವಲ್ಪ ಹೊತ್ತು ಹಾಗೆಯೇ ಕುಳಿತರು. ಮೊಮ್ಮಗಳು ಕೇಳಿದ್ದಕ್ಕೆ, “ಅವನೇ ಜಡಿದದ್ದು. ಮೂರು ಬೆರಳಿನಲ್ಲಿ” ಎಂದಷ್ಟೇ ಹೇಳಿದರು.

ಒದ್ದೆಯಾದ ಕರಿಮದ್ದಿಗೆ ಬೆಂಕಿ ಹತ್ತದು. ಆದರೆ ಒಣಗಿದರೆ ಮತ್ತೆ ಹತ್ತಬಹುದು. ಆದ್ದರಿಂದ ನೀರು ಹಾಕಿದರೆ ಮುಗಿಯಿತೆಂದು ಭಾವಿಸಬಾರದು, ಎಲ್ಲವನ್ನೂ ಹೊರಗೆ ತೆಗೆಯಬೇಕು. ಬಾಯಿಯಿಂದಲೂ ಬುಡದ ರಂಧ್ರದಿಂದಲೂ ನೀರು ತುಂಬಿ, ಸೋರಿದಷ್ಟೂ ಮತ್ತೆ ತುಂಬುತ್ತ, ರಾತ್ರಿಯಿಡೀ ಕೊಟ್ಟಿಗೆಯ ಕಂಬಕ್ಕೆ ಒರಗಿಸಿಟ್ಟರು. ಬೆಳಿಗ್ಗೆ ಗಜದ ತುದಿಗೆ ತಿರುಪಿನ ಕೊಕ್ಕೆಯನ್ನು ಸಿಕ್ಕಿಸಿ, ತಿರುಗಿಸಿ ಎಳೆದರು. ನಾರಿನ ಮುದ್ದೆ ಬಂತು. ಕೋವಿಯನ್ನು ಬಗ್ಗಿಸಿದಾಗ ಚರೆಗಳು ತಟ್ಟೆಯಲ್ಲಿ ಉದುರಿದವು. ಮತ್ತೆ ನಾರು. ಕೊನೆಗೆ ಕಪ್ಪು ರಾಡಿ. ಆ ನಾರಿನ ಉಂಡೆಯನ್ನು ಬಿಡಿಸಿ ನೋಡಿದಾಗ ಅದನ್ನು ಎಷ್ಟು ಅಚ್ಚುಕಟ್ಟಾಗಿ ಸುತ್ತಿದ್ದರೆಂಬುದು ತಿಳಿಯುತ್ತಿತ್ತು.

ಆಮೇಲಿನದು ತೊಳೆಯುವ ಕೆಲಸ. ಕರಿಮದ್ದಿನ ಮಸಿಯಲ್ಲಿ ಉಪ್ಪಿನಂಶವಿರುತ್ತದೆ, ಗಾಳಿಯ ತೇವವನ್ನು ಹೀರಿ ಕಬ್ಬಿಣವನ್ನು ತಿನ್ನುತ್ತದೆ. ಎಣ್ಣೆಯಿಂದ ಅದು ಹೋಗದು. ಕುದಿಯುವ ನೀರೇ ಬೇಕು. ಹಂಡೆಯ ನೀರನ್ನು ಆಲಿಕೆಯಿಂದ ಸುರಿದಂತೆ ಕೊಳೆತ ಮೊಟ್ಟೆಯ ವಾಸನೆ ಎದ್ದಿತು. ನೀರು ತಿಳಿಯಾಗುವವರೆಗೆ ಸುರಿದರು. ಬಿಸಿಯಾದ ನಳಿಗೆ ತನ್ನಷ್ಟಕ್ಕೇ ಒಣಗಿತು. ಮೇಲೆ ಚಿಂದಿ, ತೆಳುವಾಗಿ ಎಣ್ಣೆ. ಠಾಣೆಗೆ ಒಪ್ಪಿಸಿಬಿಡುವ ಕೋವಿಗೆ ಇಷ್ಟು ಉಪಚಾರವೇಕೆಂದು ತಮ್ಮನ ಮಗ ಕೇಳಿದ. ಸುಬೇದಾರರು ಉತ್ತರಿಸಲಿಲ್ಲ. ಇಪ್ಪತ್ತೆಂಟು ವರ್ಷ ಸೈನ್ಯದಲ್ಲಿದ್ದವನು ಮಸಿ ಹಿಡಿದ ಕೋವಿಯನ್ನು ಇನ್ನೊಬ್ಬರ ಕೈಗೆ ಕೊಡಲಾರ ಎಂಬುದು ಒಂದು ಕಾರಣವಿರಬಹುದು. ಅದೊಂದೇ ಕಾರಣವಲ್ಲ ಎಂಬುದೂ ನೋಡುತ್ತಿದ್ದವರಿಗೆ ತಿಳಿಯುತ್ತಿತ್ತು.

ಅಂದು ಸಂಜೆ ದೀಪ ಹಚ್ಚುವಾಗ ತಮ್ಮನ ಹೆಂಡತಿ ಬರಿಯ ಗೂಟಗಳನ್ನು ನೋಡಿ ಅಂದರು: “ವರ್ಷ ಆಯ್ತು ಭಾವಯ್ಯ, ದಿನಾ ಅದ್ರ ಕೆಳಗೇ ಕಸ ಗುಡಿಸ್ತಿದ್ದೆ.”

ಮರುದಿನ ಪರವಾನಗಿಯ ಪುಸ್ತಕ, ಮರಣ ಪ್ರಮಾಣಪತ್ರಗಳೊಂದಿಗೆ ಮೂವರೂ ಠಾಣೆಗೆ ಹೋದರು. ಬರೆದುಕೊಳ್ಳುತ್ತಿದ್ದ ಯುವಕ ಪೊಲೀಸನು ತಲೆ ಎತ್ತದೆ, ಅಭ್ಯಾಸಬಲದಿಂದ, “ಖಾಲಿ ಇದೆ ಅಲ್ವಾ?” ಎಂದ. ಸುಬೇದಾರರು ಹೌದೆನ್ನಲಿಲ್ಲ. ಸೀಮೆಸುಣ್ಣದ ಗೆರೆಯಿದ್ದ ಗಜವನ್ನು ಎಳೆದು ಅವನ ಮುಂದೆ ಚಾಚಿದರು. ಅವನಿಗೆ ಅದನ್ನು ಏನು ಮಾಡಬೇಕೆಂದು ತಿಳಿಯಲಿಲ್ಲ. ಮೊಮ್ಮಗಳು ಮುಂದೆ ಬಂದು, ಬದಿಯಲ್ಲಿ ಹೇಗೆ ನಿಲ್ಲಬೇಕೆಂಬುದನ್ನು ಅವನಿಗೆ ಮೊದಲು ಹೇಳಿಕೊಟ್ಟಳು.